ಕಣ್ಣೀರ ಹೆದ್ದಾರಿಗೆ ಬಸ್ಸು ಬರಲು ಹನ್ನೊಂದು ವರ್ಷ

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ, ಪೆಸಿಫಿಕ್ ಸಾಗರದ ದಂಡೆಯ ಪ್ರಿನ್ಸ್ ರೂಪರ್ಟ್ ಬಂದರಿನಿಂದ ಒಳನಾಡಿನ ಪ್ರಿನ್ಸ್ ಜಾರ್ಜ್ ನಗರದವರೆಗೆ ಸುಮಾರು 720 ಕಿಲೋಮೀಟರ್ ಉದ್ದದ ರಸ್ತೆಯೊಂದು ಹೋಗುತ್ತದೆ. ಸರ್ಕಾರದ ದಾಖಲೆಯಲ್ಲಿ ಅದು ಹೆದ್ದಾರಿ 16. ಜನರ ಬಾಯಲ್ಲಿ ಕಣ್ಣೀರ ಹೆದ್ದಾರಿ. 1969ರಿಂದ ಈಚೆಗೆ ಈ ರಸ್ತೆಯಲ್ಲಿ, ಇದಕ್ಕೆ ಬಂದು ಕೂಡುವ ರಸ್ತೆಗಳಲ್ಲಿ ಹೆಣ್ಣುಮಕ್ಕಳು ಕಾಣೆಯಾಗುತ್ತ, ಕೊಲೆಯಾಗುತ್ತ ಬಂದಿದ್ದಾರೆ. ಅವರಲ್ಲಿ ಹೆಚ್ಚಿನವರು ಮೂಲನಿವಾಸಿ ಸಮುದಾಯಗಳವರು. ಪೊಲೀಸರ ವಿಶೇಷ ತನಿಖೆಯ ಪಟ್ಟಿಯಲ್ಲಿ 18 ಹೆಸರುಗಳಿವೆ. ಮೂಲನಿವಾಸಿ ಸಂಘಟನೆಗಳು ಹೇಳುವ ಲೆಕ್ಕ 40ನ್ನು ದಾಟುತ್ತದೆ.

ಈ ರಸ್ತೆಯ ಬಗ್ಗೆ ಪುಸ್ತಕಗಳು ಬಂದಿವೆ, ಸಾಕ್ಷ್ಯಚಿತ್ರಗಳು ಬಂದಿವೆ, ಪಾಡ್‌ಕಾಸ್ಟ್‌ಗಳು ಬಂದಿವೆ. ಅವುಗಳಲ್ಲಿ ಬಹಳಷ್ಟು ಹುಡುಕುವುದು ಕೊಲೆಗಾರನನ್ನು. ಕಾಡು, ಮಂಜು, ಒಂಟಿ ಲಾರಿ, ಮುಖ ಕಾಣದ ಚಾಲಕ, ಹೀಗೆ ಕಥೆಗೆ ಬೇಕಾದದ್ದೆಲ್ಲ ಅಲ್ಲಿ ಸಿಗುತ್ತದೆ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಅದಕ್ಕಿಂತ ಬಹಳ ಸಪ್ಪೆಯದು. ಈ ಭಾಗದ ಹುಡುಗಿಯರು ಅಂಥ ಚಳಿಯಲ್ಲಿ, ಅಂಥ ನಿರ್ಜನ ರಸ್ತೆಯ ಬದಿಯಲ್ಲಿ ಹೆಬ್ಬೆರಳು ತೋರಿಸಿ ಲಿಫ್ಟ್ ಕೇಳುತ್ತ ಯಾಕೆ ನಿಲ್ಲುತ್ತಿದ್ದರು? ಉತ್ತರವೂ ಸಪ್ಪೆಯೇ. ಅವರ ಊರಿಗೆ ಬಸ್ಸಿರಲಿಲ್ಲ.

ಬಸ್ಸು ಬೇಕೆಂದು ಊರೂರಿನವರು ಸೇರಿ ಬರೆದುಕೊಟ್ಟದ್ದು 2006ರಲ್ಲಿ. ಬಸ್ಸು ಬಂದದ್ದು 2017ರಲ್ಲಿ. ನಡುವಿನ ಈ ಹನ್ನೊಂದು ವರ್ಷದಲ್ಲಿ ಯಾವ ನಿಗೂಢವೂ ಇಲ್ಲ. ಅಳಿಸಿಹಾಕಿದ ಒಂದಷ್ಟನ್ನು ಬಿಟ್ಟರೆ ಕಾಗದಪತ್ರಗಳೂ ಇವೆ.

ಈ ದಾರಿ ಹೆದ್ದಾರಿ ಇಲಾಖೆಗಿಂತ ಎಷ್ಟೋ ಹಳೆಯದು. ಕರಾವಳಿಯ ಸಿಮ್ಶಿಯನ್, ಸ್ಕೀನಾ ನದಿಯ ಮೇಲ್ದಂಡೆಯ ಗಿಟ್‌ಕ್ಸಾನ್, ಬಲ್ಕ್ಲಿ ಕಣಿವೆಯ ವೆಟ್‌ಸುವೆಟೆನ್, ಒಳನಾಡಿನ ಡಕೆಲ್ ಜನ ತಲೆತಲಾಂತರದಿಂದ ಈ ಸೀಮೆಯಲ್ಲಿ ಓಡಾಡಿದವರು. ಊಲಿಕನ್ ಎಂಬ ಸಣ್ಣ ಮೀನಿನಿಂದ ತೆಗೆದ ಜಿಡ್ಡನ್ನು ಹೊತ್ತು ಕರಾವಳಿಯಿಂದ ಒಳನಾಡಿಗೆ ಹೋಗುತ್ತಿದ್ದ ಅವರ ವ್ಯಾಪಾರದ ಕಾಲುದಾರಿಗಳು ಇಲ್ಲಿದ್ದವು. ಹೆದ್ದಾರಿಯ ಇನ್ನೊಂದು ಹೆಸರಾದ ‘ಯೆಲ್ಲೋಹೆಡ್’ ಕೂಡ ಬಂದದ್ದು ಪಿಯರ್ ಬೊಸ್ತೊನೆ ಎಂಬ ಇರೊಕ್ವಾ ಮೂಲದ ಮಾರ್ಗದರ್ಶಕನಿಂದ. ಕೂದಲಲ್ಲಿ ಹಳದಿ ಎಳೆಗಳಿದ್ದುದರಿಂದ ತುಪ್ಪಳ ವ್ಯಾಪಾರಿಗಳು ಅವನನ್ನು ಹಳದಿ ತಲೆಯವನೆಂದು ಕರೆದರು. ಬೆಟ್ಟದ ಕಣಿವೆಗೆ ಅವನ ಹೆಸರು ಬಂತು, ಕಣಿವೆಯಿಂದ ರಸ್ತೆಗೆ ಬಂತು. ದಾರಿ ತೋರಿಸಿದವರು ಮೂಲನಿವಾಸಿಗಳು ಎಂಬುದು ಹೆದ್ದಾರಿಯ ಫಲಕದಲ್ಲೇ ಇದೆ.

ಆಮೇಲೆ ಬಂದವರ ಕಣ್ಣು ಯಾವಾಗಲೂ ಈ ನೆಲದ ಆಚೆಗೆ ಇತ್ತು. 1865ರಲ್ಲಿ ಅಮೆರಿಕದ ಕಂಪನಿಯೊಂದು ಈ ಸೀಮೆಯ ಮೂಲಕ ರಷ್ಯಾದ ಕಡೆಗೆ ತಂತಿ ಎಳೆಯಲು ಹೊರಟಿತು. ಮರುವರ್ಷ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಕಿದ ತಂತಿ ಕೆಲಸ ಮಾಡಿತು. ಇಲ್ಲಿನ ಕೆಲಸವನ್ನು ಹಾಗೆಯೇ ಬಿಟ್ಟು ಹೋದರು. ಬಿಟ್ಟುಹೋದ ತಂತಿಯನ್ನು ಊರಿನವರು ಹ್ಯಾಗ್ವಿಲ್ಗೆಟ್ ಕಮರಿಯ ಮೇಲಿನ ತಮ್ಮ ಸೇತುವೆಯನ್ನು ಬಿಗಿಮಾಡಲು ಬಳಸಿಕೊಂಡರು. ನಂತರ ಬಂದದ್ದು ಗ್ರ್ಯಾಂಡ್ ಟ್ರಂಕ್ ಪೆಸಿಫಿಕ್ ರೈಲ್ವೆ. ಪ್ರಿನ್ಸ್ ರೂಪರ್ಟ್ ಅನ್ನು ವ್ಯಾಂಕೂವರಿಗೆ ಸರಿಸಾಟಿಯಾದ ಬಂದರು ಮಾಡುವ ಕನಸು ಕಂಡ ಅದರ ಅಧ್ಯಕ್ಷ ಚಾರ್ಲ್ಸ್ ಹೇಸ್ 1912ರಲ್ಲಿ ಟೈಟಾನಿಕ್ ಹಡಗಿನೊಂದಿಗೆ ಮುಳುಗಿದರು. ಹಳಿ 1914ರಲ್ಲಿ ಪೂರ್ಣವಾಯಿತು. ಐದೇ ವರ್ಷದಲ್ಲಿ ಕಂಪನಿ ದಿವಾಳಿ ಎದ್ದಿತು; ಸಾಲಸಮೇತ ಸರ್ಕಾರದ ಕೊರಳಿಗೆ ಬಿತ್ತು.

ಕರಾವಳಿಯ ತುದಿಗೆ ಮೋಟಾರು ರಸ್ತೆ ತಲುಪಿದ್ದು ಯುದ್ಧದಿಂದ. ಪರ್ಲ್ ಹಾರ್ಬರ್ ದಾಳಿಯ ನಂತರ ಅಮೆರಿಕದ ಸೇನೆ ಅಲಾಸ್ಕಾಕ್ಕೆ ಸರಕು ಸಾಗಿಸಲು ಪ್ರಿನ್ಸ್ ರೂಪರ್ಟ್ ಅನ್ನು ನೆಲೆ ಮಾಡಿಕೊಂಡಿತು. ಸ್ಕೀನಾ ನದಿಯ ಅಂಚಿನ ಬಂಡೆಗಳನ್ನು ಸಿಡಿಸಿ, ಟೆರೇಸ್ ಪಟ್ಟಣದಿಂದ ಬಂದರಿಗೆ 1944ರಲ್ಲಿ ರಸ್ತೆ ತೆರೆಯಿತು. ಯುದ್ಧ ಮುಗಿದ ಮೇಲೆ ಮರದ ದಿಮ್ಮಿ, ಮೀನು, ಅದಿರು. 1970ರಲ್ಲಿ ರಾಕಿ ಪರ್ವತಗಳನ್ನು ದಾಟಿ ಬಯಲುಸೀಮೆಗೆ ಹೋಗುವ ಯೆಲ್ಲೋಹೆಡ್ ಹೆದ್ದಾರಿಯ ಅಧಿಕೃತ ಉದ್ಘಾಟನೆಯಾಯಿತು. 2007ರಲ್ಲಿ ಪ್ರಿನ್ಸ್ ರೂಪರ್ಟ್‌ನಲ್ಲಿ ಕಂಟೇನರ್ ಬಂದರು ಶುರುವಾಯಿತು. ಉತ್ತರ ಅಮೆರಿಕದ ಪಶ್ಚಿಮ ದಂಡೆಯಲ್ಲಿ ಏಷ್ಯಾಕ್ಕೆ ಅತಿ ಹತ್ತಿರದ ಬಂದರು ಎಂಬುದೇ ಅದರ ಜಾಹೀರಾತು.

ಆ ವರ್ಷವನ್ನು ನೆನಪಿಟ್ಟುಕೊಳ್ಳಬೇಕು. ಚೀನಾದಲ್ಲಿ ತುಂಬಿದ ಒಂದು ಪೆಟ್ಟಿಗೆ ಈ ಕಣಿವೆಗಳ ಮೂಲಕ ಷಿಕಾಗೋವರೆಗೆ, ಯಾವ ದಿನ ಎಲ್ಲಿರುತ್ತದೆಂದು ಹೇಳಬಲ್ಲಷ್ಟು ಕರಾರುವಾಕ್ಕಾಗಿ ಹೋಗುವ ವ್ಯವಸ್ಥೆ ಆಗಿತ್ತು. ಅದೇ ವರ್ಷ ವಿಟ್ಸೆಟ್ ಎಂಬ ವೆಟ್‌ಸುವೆಟೆನ್ ಹಳ್ಳಿಯ ಹುಡುಗಿಗೆ ಮೂವತ್ತು ಕಿಲೋಮೀಟರ್ ಆಚೆಯ ಸ್ಮಿದರ್ಸ್ ಪಟ್ಟಣಕ್ಕೆ ಹೋಗಿ ಸಂಜೆ ಮನೆಗೆ ಮರಳಲು ಒಂದು ಬಸ್ಸಿರಲಿಲ್ಲ. ಸರಕಿಗೆ ವೇಳಾಪಟ್ಟಿ, ಮನುಷ್ಯರಿಗೆ ಹೆಬ್ಬೆರಳು.

ಇದು ಆಕಸ್ಮಿಕವಲ್ಲ. ಮೂಲನಿವಾಸಿಗಳಿಗೆ ಸರ್ಕಾರ ಗೊತ್ತುಮಾಡಿಕೊಟ್ಟ ಮೀಸಲು ನೆಲದ ತುಂಡುಗಳು ಈ ಹೆದ್ದಾರಿಯ ಉದ್ದಕ್ಕೂ ಚದುರಿವೆ. ಆಸ್ಪತ್ರೆ, ನ್ಯಾಯಾಲಯ, ಹೈಸ್ಕೂಲು, ಬ್ಯಾಂಕು, ದಿನಸಿ ಅಂಗಡಿ, ಕೆಲಸ ಇರುವುದು ಪಟ್ಟಣಗಳಲ್ಲಿ. ಪ್ರಿನ್ಸ್ ರೂಪರ್ಟ್‌ನಿಂದ ಟೆರೇಸ್‌ಗೆ ಸುಮಾರು 145 ಕಿಲೋಮೀಟರ್. ಅಲ್ಲಿಂದ ಹೇಜಲ್ಟನ್ ದಾಟಿ ಸ್ಮಿದರ್ಸ್‌ಗೆ ಸುಮಾರು 200. ಅಲ್ಲಿಂದ ಬರ್ನ್ಸ್ ಲೇಕ್, ವ್ಯಾಂಡರ್‌ಹೂಫ್ ಹಾದು ಪ್ರಿನ್ಸ್ ಜಾರ್ಜ್‌ಗೆ ಇನ್ನೂ 370. ಕಾರಿಲ್ಲದವರು ಈ ದೂರವನ್ನು ಏನು ಮಾಡಬೇಕು? ರೈಲು ವಾರಕ್ಕೆ ಮೂರು ದಿನ. ಗ್ರೇಹೌಂಡ್ ಕಂಪನಿಯ ಬಸ್ಸು ಓಡುತ್ತಿತ್ತು, ನಿಜ. ಅದು ದೂರಪ್ರಯಾಣದ ಬಸ್ಸು. ಹಳ್ಳಿಯಿಂದ ಬೆಳಿಗ್ಗೆ ಹೊರಟು, ಕೆಲಸ ಮುಗಿಸಿ, ಕತ್ತಲಾಗುವ ಮೊದಲು ಮರಳುವವರ ವೇಳೆಗೂ ಜೇಬಿಗೂ ಅದು ಹೊಂದುತ್ತಿರಲಿಲ್ಲ.

ಈ ನೆಲ ಯಾರದೆಂಬುದೂ ಇತ್ಯರ್ಥವಾಗಿರಲಿಲ್ಲ. ಗಿಟ್‌ಕ್ಸಾನ್ ಮತ್ತು ವೆಟ್‌ಸುವೆಟೆನ್ ಹಿರಿಯರು ಸುಮಾರು 58,000 ಚದರ ಕಿಲೋಮೀಟರ್ ನೆಲದ ಹಕ್ಕಿಗಾಗಿ ಹೂಡಿದ ದಾವೆಯಲ್ಲಿ 1997ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಬಾಯಿಂದ ಬಾಯಿಗೆ ಬಂದ ಚರಿತ್ರೆಯನ್ನೂ ಸಾಕ್ಷ್ಯವಾಗಿ ತೂಗಬೇಕು, ಮೂಲನಿವಾಸಿಗಳ ನೆಲದ ಹಕ್ಕು ಪ್ರಾಂತ್ಯ ಸರ್ಕಾರ ಅಳಿಸಬಲ್ಲಂಥದ್ದಲ್ಲ. ಡೆಲ್ಗಮುಕ್ವ್ ತೀರ್ಪು ಎಂದು ಅದಕ್ಕೆ ಹೆಸರು. ಹೆದ್ದಾರಿಯ ನಡುಭಾಗ ಹಾದುಹೋಗುವುದು ಈ ನೆಲದಲ್ಲೇ. ತಮ್ಮ ನೆಲದ ಮೇಲೆ ಹಾಕಿದ ರಸ್ತೆಯಲ್ಲಿ ಆ ಜನ ಬೇರೆಯವರ ಕಾರಿಗೆ ಕೈಯೊಡ್ಡಬೇಕಾಗಿತ್ತು.

ಸಾವುಗಳು ಹೆಚ್ಚಿದಾಗ ಬಂದ ಮೊದಲ ಉತ್ತರ ಫಲಕಗಳು. ಹುಡುಗಿಯರೇ, ಲಿಫ್ಟ್ ಕೇಳಬೇಡಿ, ಕೊಲೆಗಾರ ಓಡಾಡುತ್ತಿದ್ದಾನೆ ಎಂಬರ್ಥದ ದೊಡ್ಡ ಹಳದಿ ಫಲಕ ರಸ್ತೆ ಬದಿಯಲ್ಲಿ ನಿಂತಿತು. ಫಲಕ ನಿಲ್ಲಿಸಿದವರ ಕಳಕಳಿಯನ್ನು ಅನುಮಾನಿಸಬೇಕಿಲ್ಲ. ಆದರೆ ಆ ಫಲಕ ಯಾರೊಂದಿಗೆ ಮಾತಾಡುತ್ತದೆ ನೋಡಿ. ಕಾರು ನಡೆಸುವವನೊಂದಿಗೆ ಅಲ್ಲ. ಬಸ್ಸು ಬಿಡಬೇಕಾದವರೊಂದಿಗೂ ಅಲ್ಲ. ಸಾಯುವ ಸಾಧ್ಯತೆ ಇರುವವಳಿಗೆ ಬುದ್ಧಿ ಹೇಳುತ್ತದೆ. ಲಿಫ್ಟ್ ಕೇಳಬೇಡ ಎನ್ನುವ ಹಲಗೆ, ಹಾಗಾದರೆ ಹೇಗೆ ಹೋಗಲಿ ಎಂಬ ಪ್ರಶ್ನೆಗೆ ಬಾಯಿ ಬಿಡುವುದಿಲ್ಲ. ಹಸಿದವನಿಗೆ ಕದಿಯಬೇಡ ಎಂದು ಹೇಳಿ ಊಟದ ಮಾತನ್ನೇ ಎತ್ತದ ಹಾಗೆ.

ಪತ್ರಿಕೆಗಳ ಕಣ್ಣು ತೆರೆದದ್ದೂ ತಡವಾಗಿ. 2002ರ ಬೇಸಿಗೆಯಲ್ಲಿ ಗಿಡ ನೆಡುವ ಕೆಲಸಕ್ಕೆ ಬಂದಿದ್ದ ಬಿಳಿಯ ಯುವತಿಯೊಬ್ಬಳು ಪ್ರಿನ್ಸ್ ಜಾರ್ಜ್ ಹೊರವಲಯದಿಂದ ಕಾಣೆಯಾದಾಗ ಈ ರಸ್ತೆ ದೇಶದಾದ್ಯಂತ ಸುದ್ದಿಯಾಯಿತು. ಅವಳ ಕುಟುಂಬದ ದುಃಖ ಯಾರಿಗೂ ಕಡಿಮೆಯದಲ್ಲ. ಆದರೆ ಅದಕ್ಕೂ ಹಿಂದಿನ ಮೂವತ್ತು ವರ್ಷಗಳಲ್ಲಿ ಮಗಳನ್ನು ಕಳೆದುಕೊಂಡ ಮೂಲನಿವಾಸಿ ತಾಯಂದಿರು ಆ ವ್ಯತ್ಯಾಸವನ್ನು ಗಮನಿಸಿದರು. ತನಿಖೆಗೆ ಪೊಲೀಸರು ವಿಶೇಷ ತಂಡ ಕಟ್ಟಿದ್ದು 2005ರಲ್ಲಿ, ಮೊದಲ ಪ್ರಕರಣಕ್ಕೆ 36 ವರ್ಷವಾದ ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು.

2006ರ ಫೆಬ್ರುವರಿಯಲ್ಲಿ 14 ವರ್ಷದ ಹುಡುಗಿಯೊಬ್ಬಳ ಶವ ಪ್ರಿನ್ಸ್ ಜಾರ್ಜ್ ಬಳಿ ಹೆದ್ದಾರಿಯ ಬದಿಯಲ್ಲಿ ಸಿಕ್ಕಿತು. ಮಾರ್ಚ್ ಕೊನೆಯಲ್ಲಿ ಮೂಲನಿವಾಸಿ ಸಂಘಟನೆಗಳು ಅದೇ ನಗರದಲ್ಲಿ ಎರಡು ದಿನದ ಸಮಾವೇಶ ಕರೆದವು. ಕುಟುಂಬಗಳು, ಊರ ಮುಖ್ಯಸ್ಥರು, ಪೊಲೀಸರು, ಅಧಿಕಾರಿಗಳು ಕೂತು ಮಾತಾಡಿದರು. ಹೊರಬಂದ ವರದಿಯಲ್ಲಿ 33 ಶಿಫಾರಸುಗಳಿದ್ದವು. ಮೊದಲನೆಯದು: ಹೆದ್ದಾರಿಯ ಉದ್ದಕ್ಕೂ ಊರಿಂದೂರಿಗೆ ಬಸ್ಸು ಬಿಡಿ. ತಿಂಗಳುಗಟ್ಟಲೆ ಅಧ್ಯಯನ ಮಾಡಿದ ತಜ್ಞರು ಹೇಳಬೇಕಾದ್ದೇನೂ ಅದರಲ್ಲಿರಲಿಲ್ಲ. ರಸ್ತೆ ಬದಿಯಲ್ಲಿ ಬದುಕಿದವರಿಗೆ ಅದು ಮೊದಲೇ ಗೊತ್ತಿತ್ತು.

ಬಸ್ಸು ಬರಲಿಲ್ಲ. 2008ರಲ್ಲಿ ಕುಟುಂಬದವರು ವ್ಯಾಂಕೂವರಿನಿಂದ ರಾಜಧಾನಿ ಒಟ್ಟಾವಾವರೆಗೆ ನಡೆದುಕೊಂಡೇ ಹೋದರು. 2012ರ ಡಿಸೆಂಬರಿನಲ್ಲಿ ಇನ್ನೊಂದು ವರದಿ ಬಂತು. ವ್ಯಾಂಕೂವರಿನ ಕಾಣೆಯಾದ ಮಹಿಳೆಯರ ಬಗ್ಗೆ ತನಿಖೆ ನಡೆಸಿದ ಆಯೋಗದ ಮುಖ್ಯಸ್ಥ ವಾಲಿ ಒಪ್ಪಲ್, ಪಂಜಾಬಿನಿಂದ ಹೋಗಿ ನೆಲೆಸಿದ ಕುಟುಂಬದ ಮಗ, ಪ್ರಾಂತ್ಯದ ಮಾಜಿ ನ್ಯಾಯಾಧೀಶ ಮತ್ತು ಮಾಜಿ ಅಟಾರ್ನಿ ಜನರಲ್. ಮಿಕ್ಕ ಶಿಫಾರಸುಗಳಿಗೆ ಕಾಯದೆ ಕೂಡಲೇ ಮಾಡಬೇಕಾದವು ಎಂದು ಅವರು ಎರಡನ್ನು ಎತ್ತಿ ಹೇಳಿದರು. ಅದರಲ್ಲೊಂದು ಹೆದ್ದಾರಿ 16ರ ಸಾರಿಗೆ. ಎರಡು ತಿಂಗಳ ಮೇಲೆ, 2013ರ ಫೆಬ್ರುವರಿಯಲ್ಲಿ, ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ ವರದಿ ಇನ್ನೂ ಕಹಿಯಾದ ಸಂಗತಿ ಹೇಳಿತು. ಉತ್ತರ ಭಾಗದ ಮೂಲನಿವಾಸಿ ಹುಡುಗಿಯರು ಪೊಲೀಸರಿಂದಲೇ ದೌರ್ಜನ್ಯ ಅನುಭವಿಸಿದ ಆರೋಪಗಳು ಅದರಲ್ಲಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಬಳಿ ದೂರಬೇಕು?

ಸರ್ಕಾರದ ಉತ್ತರ ಸಿದ್ಧವಿತ್ತು. ದೂರ ಬಹಳ, ಜನ ವಿರಳ, ನಿಗದಿತ ಬಸ್ಸು ಪ್ರಾಯೋಗಿಕವಲ್ಲ. ಊರಿನವರೊಂದಿಗೆ ಮಾತುಕತೆ ನಡೆಯುತ್ತಿದೆ. ಆ ಮಾತುಕತೆಯ ದಾಖಲೆಗಳನ್ನು 2014ರಲ್ಲಿ ಮಾಹಿತಿ ಹಕ್ಕಿನಡಿ ಕೇಳಿದಾಗ ಸಾರಿಗೆ ಸಚಿವಾಲಯದಿಂದ ಬಂದ ಉತ್ತರ: ಯಾವುದೂ ಇಲ್ಲ. ಮರುವರ್ಷ ಅದೇ ಸಚಿವಾಲಯದಲ್ಲಿ ಕೆಲಸ ಮಾಡಿದ್ದವರೊಬ್ಬರು ಬಾಯಿಬಿಟ್ಟರು. ಈ ಹೆದ್ದಾರಿಗೆ ಸಂಬಂಧಿಸಿದ ಇಮೇಲ್‌ಗಳನ್ನು ಅಳಿಸುವಂತೆ ತಮಗೆ ಹೇಳಲಾಗಿತ್ತು, ತಾವು ಹಿಂಜರಿದಾಗ ಇನ್ನೊಬ್ಬ ಸಿಬ್ಬಂದಿ ಕೀಲಿಮಣೆ ಎಳೆದುಕೊಂಡು ಅಳಿಸಿದರು ಎಂದರು. ಪ್ರಾಂತ್ಯದ ಮಾಹಿತಿ ಆಯುಕ್ತೆ ಎಲಿಜಬೆತ್ ಡೆನ್‌ಹ್ಯಾಮ್ ತನಿಖೆ ನಡೆಸಿ, 2015ರ ಅಕ್ಟೋಬರಿನಲ್ಲಿ ಕಟುವಾದ ವರದಿ ಕೊಟ್ಟರು. ಮರಳಿ ಸಿಗದ ಹಾಗೆ ಮೂರು ಹಂತದಲ್ಲಿ ಅಳಿಸುವುದು ಕಚೇರಿಗಳಲ್ಲಿ ಅಭ್ಯಾಸವಾಗಿಬಿಟ್ಟಿದೆ ಎಂಬುದು ಬಯಲಾಯಿತು. ಕೊನೆಗೆ ಆ ಸಿಬ್ಬಂದಿಗೆ 2,500 ಡಾಲರ್ ದಂಡ ಬಿತ್ತು. ಅದೂ ಅಳಿಸಿದ್ದಕ್ಕಲ್ಲ, ಆಯುಕ್ತೆಯ ಮುಂದೆ ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ.

ಹೆಣ್ಣುಮಕ್ಕಳು ಅಳಿಸಿಹೋದ ರಸ್ತೆಯ ಕಡತವೂ ಅಳಿಸಿಹೋಯಿತು. ವಿಚಿತ್ರವೆಂದರೆ ಬಸ್ಸಿನ ಚಕ್ರ ತಿರುಗಲು ಶುರುವಾದದ್ದು ಈ ಹಗರಣದ ನಂತರ. 2015ರ ಡಿಸೆಂಬರಿನಲ್ಲಿ ಹಣ ಘೋಷಣೆಯಾಯಿತು. 2017ರ ಜನವರಿ ಕೊನೆಯಲ್ಲಿ ಸ್ಮಿದರ್ಸ್ ಮತ್ತು ವಿಟ್ಸೆಟ್ ನಡುವೆ ಮೊದಲ ಬಸ್ಸು ಓಡಿತು. ಆ ವರ್ಷವೇ ಬರ್ನ್ಸ್ ಲೇಕ್‌ನಿಂದ ಎರಡೂ ದಿಕ್ಕಿಗೆ, ಹೇಜಲ್ಟನ್ ಮತ್ತು ಟೆರೇಸ್ ನಡುವೆ ಬಸ್ಸುಗಳು ಬಂದವು. ಟಿಕೆಟ್ಟು ಐದು ಡಾಲರ್ ಅಥವಾ ಅದಕ್ಕೂ ಕಡಿಮೆ. ಹನ್ನೊಂದು ವರ್ಷ ಅಸಾಧ್ಯವಾಗಿದ್ದದ್ದು ಒಂದೇ ವರ್ಷದಲ್ಲಿ ಸಾಧ್ಯವಾಯಿತು. ದೂರ ಕಡಿಮೆಯಾಗಿರಲಿಲ್ಲ, ಜನಸಂಖ್ಯೆ ಏಕಾಏಕಿ ಹೆಚ್ಚಿರಲಿಲ್ಲ. ಮರ್ಯಾದೆ ಹೋಗುವ ಭಯವೊಂದೇ ಹೊಸದಾಗಿ ಬಂದಿತ್ತು.

ಹಾಗಿದ್ದರೂ ವಿರೋಧದ ವಾದಗಳನ್ನು ತಳ್ಳಿಹಾಕದೆ ನೋಡಬೇಕು. ಮೊದಲನೆಯದು ನಷ್ಟದ ವಾದ. ಇಷ್ಟು ವಿರಳ ಪ್ರದೇಶದಲ್ಲಿ ಬಸ್ಸು ಲಾಭ ಮಾಡುವುದಿಲ್ಲ ಎಂಬುದು ನಿಜ. ಆದರೆ ಈ ದಾರಿಯಲ್ಲಿ ಲಾಭ ಮಾಡಿದ್ದು ಯಾವುದು? ರೈಲ್ವೆ ದಿವಾಳಿ ಎದ್ದಾಗ ಸರ್ಕಾರ ಸಾಲ ಹೊತ್ತಿತು. ಚಳಿಗಾಲದಲ್ಲಿ ರಸ್ತೆಯ ಹಿಮ ತೆಗೆಯುವ ಯಂತ್ರಗಳು ಸರ್ಕಾರದ ದುಡ್ಡಿನಲ್ಲಿ ಓಡುತ್ತವೆ. ಈ ತಿಂಗಳು ಎಷ್ಟು ಗಳಿಸಿದಿರಿ ಎಂದು ಅವುಗಳ ಚಾಲಕರನ್ನು ಯಾರೂ ಕೇಳುವುದಿಲ್ಲ. ಲಾರಿ ಜಾರದಿರಲಿ ಎಂದು ಮಾಡುವ ಖರ್ಚು ರಸ್ತೆ ನಿರ್ವಹಣೆ, ಹುಡುಗಿ ಕಾಣೆಯಾಗದಿರಲಿ ಎಂದು ಮಾಡುವ ಖರ್ಚು ಸಬ್ಸಿಡಿ. ಈ ಭಾಷೆಯಲ್ಲೇ ಪಕ್ಷಪಾತವಿದೆ. ಬಸ್ಸು ಪ್ರಾಯೋಗಿಕವಲ್ಲ ಎನ್ನುತ್ತಿದ್ದ ಕಾಲದಲ್ಲೇ ಉತ್ತರ ಭಾಗದ ಆರೋಗ್ಯ ಇಲಾಖೆಯ ಬಸ್ಸು ಇದೇ ರಸ್ತೆಯಲ್ಲಿ ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿತ್ತು. ವೈದ್ಯರ ಬಳಿ ಹೋಗುವವರಿಗೆ ಸಾಧ್ಯವಿದ್ದ ಬಸ್ಸು ಶಾಲೆಗೆ, ಕೆಲಸಕ್ಕೆ ಹೋಗುವವರಿಗೆ ಅಸಾಧ್ಯವಾದದ್ದು ಹೇಗೆ?

ಎರಡನೆಯ ವಾದ ಹೆಚ್ಚು ಗಂಭೀರ. ಕಾಣೆಯಾದವರೆಲ್ಲ ಲಿಫ್ಟ್ ಕೇಳಲು ನಿಂತವರಲ್ಲ. ಬಸ್ಸು ಕೊಲೆಗಾರನನ್ನು ಹಿಡಿಯುವುದಿಲ್ಲ. ಇದೂ ನಿಜ. 2012ರಲ್ಲಿ ಡಿಎನ್ಎ ಪರೀಕ್ಷೆಯಿಂದ 1974ರ ಒಂದು ಕೊಲೆಯ ಆರೋಪಿ ಯಾರೆಂದು ಗೊತ್ತಾಯಿತು. ಅಷ್ಟರಲ್ಲಿ ಅವನು ಅಮೆರಿಕದ ಜೈಲೊಂದರಲ್ಲಿ ಸತ್ತು ಆರು ವರ್ಷವಾಗಿತ್ತು. ಒಳ್ಳೆಯ ತನಿಖೆ ಬೇಕು, ದೂರು ಕೊಟ್ಟಾಗ ನಂಬುವ ಪೊಲೀಸರು ಬೇಕು, ಮನೆ ಬೇಕು, ಕೆಲಸ ಬೇಕು. ಮೂಲನಿವಾಸಿ ಮಹಿಳೆಯರ ಬಗ್ಗೆ ನಡೆದ ರಾಷ್ಟ್ರೀಯ ತನಿಖೆ 2019ರ ಜೂನ್‌ನಲ್ಲಿ 231 ನ್ಯಾಯದ ಬೇಡಿಕೆಗಳನ್ನು ಮುಂದಿಟ್ಟಿತು, ನಡೆದದ್ದನ್ನು ಜನಾಂಗಹತ್ಯೆ ಎಂದೇ ಕರೆಯಿತು. ಬಸ್ಸು ಅಷ್ಟೆಲ್ಲದಕ್ಕೆ ಮದ್ದಲ್ಲ. ಆದರೆ ಅಷ್ಟೆಲ್ಲವೂ ಆಗಬೇಕು ಎನ್ನುವುದು ಇಷ್ಟನ್ನೂ ಮಾಡದಿರಲು ನೆಪವಾಗಬಾರದು. ವರ್ಣಭೇದವನ್ನು ಅಳಿಸಲು ತಲೆಮಾರುಗಳು ಬೇಕಾದಾವು. ಬಸ್ಸಿಗೆ ಬೇಕಾದದ್ದು ಡೀಸೆಲ್, ಚಾಲಕ ಮತ್ತು ಒಂದು ಆದೇಶ.

ಬಸ್ಸು ಬಂತಲ್ಲ, ಇನ್ನೇನು ತಕರಾರು ಎಂಬುದು ಮೂರನೆಯ ವಾದ. ಬಂದ ಮರುವರ್ಷವೇ ಏನಾಯಿತೆಂಬುದನ್ನು ನೋಡಬೇಕು. ನಷ್ಟವೆಂದು ಗ್ರೇಹೌಂಡ್ 2018ರ ಜೂನ್‌ನಲ್ಲಿ ಈ ಮಾರ್ಗ ಬಿಟ್ಟುಹೋಯಿತು. ಅಕ್ಟೋಬರ್ ಕೊನೆಗೆ ಪಶ್ಚಿಮ ಕೆನಡಾವನ್ನೇ ಬಿಟ್ಟಿತು. ಸರ್ಕಾರ ತರಾತುರಿಯಲ್ಲಿ ಬದಲಿ ಬಸ್ಸು ಬಿಟ್ಟಿತು; ಪ್ರಿನ್ಸ್ ರೂಪರ್ಟ್‌ನಿಂದ ಪ್ರಿನ್ಸ್ ಜಾರ್ಜ್‌ಗೆ ಆರಂಭದಲ್ಲಿ ವಾರಕ್ಕೆ ಎರಡು ಸಲ. ಊರಿಂದೂರಿಗೆ ಓಡುವ ಬಸ್ಸುಗಳೂ ಎಲ್ಲ ಮಾರ್ಗದಲ್ಲಿ ಎಲ್ಲ ದಿನ ಓಡಲಿಲ್ಲ. ವಾರದಲ್ಲಿ ಕೆಲವು ದಿನ ಬಸ್ಸಿದೆ ಎಂದರೆ ಮಿಕ್ಕ ದಿನ ಹೆಬ್ಬೆರಳಿದೆ ಎಂದೇ ಅರ್ಥ. ಮೊಬೈಲ್ ಸಿಗ್ನಲ್ ಸಿಗದ 252 ಕಿಲೋಮೀಟರ್ ಭಾಗಕ್ಕೆ ಗೋಪುರ ಹಾಕುವ ಯೋಜನೆ ಪ್ರಕಟವಾದದ್ದು 2021ರ ಏಪ್ರಿಲ್‌ನಲ್ಲಿ, 2006ರ ಸಮಾವೇಶ ನಡೆದು ಹದಿನೈದು ವರ್ಷವಾದ ಮೇಲೆ.

ಕಣ್ಣೀರ ಹೆದ್ದಾರಿ ಎಂಬ ಹೆಸರು ಹುಟ್ಟಿದ್ದು 1998ರಲ್ಲಿ ಟೆರೇಸ್ ಪಟ್ಟಣದಲ್ಲಿ, ಸತ್ತವರ ನೆನಪಿಗಾಗಿ ಕೂಡಿದ ಮೂಲನಿವಾಸಿಗಳ ನಡುವೆ. ಅವರ ಬಾಯಲ್ಲಿ ಅದು ಆರೋಪವಾಗಿತ್ತು. ಹೊರಗಿನವರ ಬಾಯಿಗೆ ಬಂದಾಗ ಅದೇ ಹೆಸರು ಹವಾಮಾನದ ವರದಿಯಂತಾಯಿತು: ಅಲ್ಲಿ ಮಳೆ ಬೀಳುತ್ತದೆ, ಅಲ್ಲಿ ಹಿಮ ಬೀಳುತ್ತದೆ, ಅಲ್ಲಿ ಕಣ್ಣೀರು. ಯಾರೂ ಏನೂ ಮಾಡದೆ ತಾನಾಗಿ ಆದದ್ದು ಎಂಬಂತೆ. ರಸ್ತೆ ಯಾರನ್ನೂ ಕೊಂದಿಲ್ಲ. ಕೊಂದವರು ಗಂಡಸರು, ಕೊಲ್ಲಲು ಸುಲಭವಾಗುವಂತೆ ಹುಡುಗಿಯರನ್ನು ರಸ್ತೆ ಬದಿಯಲ್ಲಿ ಬಿಟ್ಟದ್ದು ಬಜೆಟ್ಟು.

2020ರ ಸೆಪ್ಟೆಂಬರಿನಲ್ಲಿ ಟೆರೇಸ್ ಹತ್ತಿರ, ಕಿಟ್ಸಮ್‌ಕೇಲಮ್ ಜನರ ನೆಲದಲ್ಲಿ, ಕಾಣೆಯಾದವರ ನೆನಪಿಗೆ ಕೆತ್ತಿದ ಟೋಟೆಮ್ ಕಂಬವನ್ನು ನಿಲ್ಲಿಸಿದರು. ಕುಟುಂಬಗಳು ತಮ್ಮ ಪಾಲಿನ ಕೆಲಸ ಮಾಡಿವೆ: ನಡೆದಿವೆ, ಸಾಕ್ಷಿ ಹೇಳಿವೆ, ಕಂಬ ನೆಟ್ಟಿವೆ. ಸರ್ಕಾರದ ಪಾಲಿನದು ಉಳಿದಿದೆ, ಮತ್ತು ಅದು ದೊಡ್ಡದೇನಲ್ಲ. ಹೆದ್ದಾರಿಯ ಪ್ರತಿ ಭಾಗದಲ್ಲೂ ದಿನವೂ ಎರಡು ದಿಕ್ಕಿಗೂ ಬಸ್ಸು. ಪ್ರತಿ ಮೀಸಲು ಹಳ್ಳಿಯ ಬಾಯಲ್ಲಿ ದೀಪವಿರುವ ನಿಲ್ದಾಣ. ಪ್ರತಿ ಚುನಾವಣೆಗೂ ಹೊಸದಾಗಿ ಬೇಡಿಕೊಳ್ಳಬೇಕಾಗದಂತೆ, ಹಿಮ ತೆಗೆಯುವ ಖರ್ಚಿನ ಪಕ್ಕದ ಸಾಲಿನಲ್ಲೇ ಆ ಬಸ್ಸಿನ ಖರ್ಚು. ಇಷ್ಟಾಗುವವರೆಗೆ ಹೆದ್ದಾರಿ 16 ಪೂರ್ಣವಾಗಿದೆ ಎಂದು ಯಾವ ಸಚಿವರೂ ಹೇಳಬಾರದು. 1944ರಲ್ಲಿ ಬಂಡೆ ಒಡೆದು ಮುಗಿಸಿದ್ದು ಸರಕಿನ ರಸ್ತೆಯನ್ನು. ಜನರ ರಸ್ತೆಯ ಕೆಲಸ ಇನ್ನೂ ನಡೆಯುತ್ತಿದೆ.